ಗಾಡಿಗೆ ಫಿಲ್ಟರ್ ನೀರು

ನಮ್ಮ ಮನೆಯಲ್ಲಿ ಬೇಸಿಗೆ ಮೊದಲು ಬರುವುದು ಲಾರಿಗೆ, ಆಮೇಲೆ ಮನುಷ್ಯರಿಗೆ. ಶಿವರಾತ್ರಿ ಕಳೆದ ಮಾರನೆಯ ದಿನ ನಮ್ಮ ಯಜಮಾನರು ಮನೆಯ ಮುಂದೆ ನಿಂತ ಲಾರಿಯ ತಗಡಿನ ಮೇಲೆ ಅಂಗೈ ಇಟ್ಟು, ಕಣ್ಣು ಸಣ್ಣದು ಮಾಡಿಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಅಷ್ಟು ಕಾಳಜಿಯಿಂದ ಅವರು ನನ್ನ ಹಣೆ ಮುಟ್ಟಿ ನೋಡಿದ್ದು ನನಗಂತೂ ನೆನಪಿಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಬಾಗಿಲಲ್ಲೇ ನಿಂತು "ಮಾತ್ರಿ ತಗಂಡ್ಯಾ?" ಎಂದು ಕೇಳಿ, ನಾನು ಹೂಂ ಎಂದದ್ದೇ ತಡ, ಟೈರಿಗೆ ಗಾಳಿ ಹಿಡಿಸಲು ಹೋಗಿದ್ದರು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನುವುದು ಬೇರೆ ಮಾತು.

ನಾನು ಕೂಡ್ಲಿಗಿಯ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಯಜಮಾನರ ಹೆಸರು ಕೊಟ್ರೇಶಪ್ಪ. ತಮ್ಮ ಲಾರಿಗೆ ತಾವೇ ಮಾಲೀಕರು, ತಾವೇ ಡ್ರೈವರು. ನಮ್ಮ ಮದುವೆಯ ಹೊತ್ತಿಗೆ ತವರಿನ ಕಡೆಯ ಕೆಲವರು "ಓದಿದ ಹುಡುಗೀನ ಸ್ಟೇರಿಂಗಿಗೆ ಕಟ್ಟಿದ್ರಲ್ಲ" ಎಂದು ಮರುಗಿದರಂತೆ. ಅವರ ಮರುಕ ದಂಡವಾಯಿತು. ಮನುಷ್ಯ ಒಳ್ಳೆಯವರು, ಮಾತುಗಾರರು, ಕುಡಿಯುವ ಚಟವಿಲ್ಲ. ಈ ಕೊನೆಯ ಗುಣವೇ ಮುಂದೆ ನನ್ನ ತಲೆನೋವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ಅವರು ನೀರನ್ನೂ ಕುಡಿಯುವುದಿಲ್ಲ.

ನಮ್ಮ ಕಡೆಯ ಬಿಸಿಲನ್ನು ನೋಡದವರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಲಿಕ್ಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟೂ ಊರುಗಳ ಬಿಸಿಲು ನನಗೆ ಒಂದೇ. ಯಜಮಾನರಿಗೆ ಹಾಗಲ್ಲ. ಮಾವಿನಕಾಯಿಯ ಹುಳಿ ನೋಡಿ ತೋಟ ಹೇಳುವವರ ಹಾಗೆ ಅವರು ಒಂದೊಂದು ತಾಲೂಕಿನ ಬಿಸಿಲಿಗೆ ಒಂದೊಂದು ಗುಣ ಹೇಳುತ್ತಾರೆ. ಕೂಡ್ಲಿಗಿಯದು ಬಂಡೆ ಬಿಸಿಲು, ಸೂರ್ಯ ಮುಳುಗಿದರೂ ಕಲ್ಲು ಕಾವು ಬಿಡುವುದಿಲ್ಲ. ಹಡಗಲಿಯ ಕಡೆ ಹೊಳೆ ಹತ್ತಿರ, ಹಾಗಾಗಿ ಮಲ್ಲಿಗೆಗೂ ಬೆವರಿಗೂ ಅಲ್ಲಿ ಬರವಿಲ್ಲ. ಕೊಟ್ಟೂರಿನದು ಧೂಳಿನ ಬಿಸಿಲು. ಹರಪನಹಳ್ಳಿ ದಾಟಿದ ಮೇಲೆ ಬೀಸುವ ಗಾಳಿಯೇ ಬಿಸಿ. ಇಷ್ಟು ಸೂಕ್ಷ್ಮವಾಗಿ ಬಿಸಿಲನ್ನು ಬಲ್ಲ ಮನುಷ್ಯ ಅದರ ಕೆಳಗೆ ದಿನವಿಡೀ ಒಂದು ಲೋಟ ಚಹಾದ ಮೇಲೆ ಲಾರಿ ಓಡಿಸುತ್ತಾರೆ.

ಲಾರಿಗೆ ಮಾತ್ರ ಈ ಕಷ್ಟ ಇಲ್ಲ. ಶಿವರಾತ್ರಿ ಆದ ವಾರದಲ್ಲೇ ಅದನ್ನು ಹುಸೇನ್ ಮೇಸ್ತ್ರಿಯ ಶೆಡ್ಡಿಗೆ ಒಯ್ಯುತ್ತಾರೆ. ಮೇಸ್ತ್ರಿ ನಮ್ಮ ಲಾರಿಯನ್ನು ಅದು ಸೆಕೆಂಡ್ ಹ್ಯಾಂಡಾಗಿ ನಮ್ಮ ಮನೆಗೆ ಬಂದಾಗಿನಿಂದ ಬಲ್ಲವರು. ರೇಡಿಯೇಟರ್ ಬಿಚ್ಚಿ ತೊಳೆಸುವುದು, ಹೋಸ್ ಪೈಪು ಒತ್ತಿ ನೋಡುವುದು, ಫ್ಯಾನ್ ಬೆಲ್ಟು ಬಿಗಿ ಮಾಡುವುದು, ಬ್ಯಾಟರಿಗೆ ನೀರು, ಚಕ್ರದ ಹಬ್ಬಿಗೆ ಹೊಸ ಗ್ರೀಸು, ಸವೆದ ಟೈರುಗಳನ್ನು ಹಿಂದಕ್ಕೆ ಹಾಕಿ ಗಟ್ಟಿ ಟೈರುಗಳನ್ನು ಮುಂದಕ್ಕೆ ತರುವುದು ಎಂದು ಅಲ್ಲಿ ಇಡೀ ದಿನ ಬಾಣಂತನ ನಡೆಯುತ್ತದೆ. ಕೊನೆಗೆ ಕ್ಯಾಬಿನ್ನಿನ ನೆತ್ತಿಗೆ ಸುಣ್ಣ ಬಳಿದು, ಅದರ ಮೇಲೆ ಗೋಣಿತಟ್ಟು ಹಾಸಿ ಹಗ್ಗ ಬಿಗಿಯುತ್ತಾರೆ. ಹೊಸ ಲಾರಿಗಳಿಗೆ ಈಗ ಏಸಿ ಬರುತ್ತಂತಲ್ಲ ಎಂದು ನಾನು ಒಮ್ಮೆ ಆಸೆಯಿಂದ ಹೇಳಿದೆ. "ಏಸಿ ಡೀಸಲ್ ಕುಡಿತೈತಿ. ಸುಣ್ಣ ಏನ್ ಕುಡಿತೈತಿ?" ಎಂದರು. ಯಾರು ಏನು ಕುಡಿಯುತ್ತಾರೆ ಅನ್ನುವುದರ ಲೆಕ್ಕ ಅವರಿಗೆ ಪಕ್ಕಾ ಇದೆ, ತಮ್ಮನ್ನು ಬಿಟ್ಟು.

ಡ್ರೈವರನ್ನು ಬೇಸಿಗೆಗೆ ಸಿದ್ಧಮಾಡುವ ಹೊಣೆ ನಮ್ಮ ಅತ್ತೆಯದು. ಅವರ ಹತ್ತಿರ ಇರುವ ಸಾಮಾನು ಎರಡು: ಹರಳೆಣ್ಣೆ ಮತ್ತು ಉಳ್ಳಾಗಡ್ಡಿ. ನೆತ್ತಿಗೆ ಅಂಗಾಲಿಗೆ ಹರಳೆಣ್ಣೆ ತಿಕ್ಕಿದರೆ ಕಾವು ಇಳಿಯುತ್ತದೆ, ಜೇಬಿನಲ್ಲಿ ಉಳ್ಳಾಗಡ್ಡಿ ಇದ್ದರೆ ಝಳ ಹೊಡೆಯುವುದಿಲ್ಲ ಎಂಬುದು ಅವರ ನಂಬಿಕೆ. "ಕೊಟ್ರಾ, ಬಾ ಇಲ್ಲಿ, ನೆತ್ತಿ ಕೊಡು" ಎಂದು ಅತ್ತೆ ಕರೆದರೆ ಇವರು ಸೀಟಿಗೆ ಎಣ್ಣೆ ಹತ್ತುತ್ತದೆ ಎಂದು ಓಡುತ್ತಾರೆ. ಉಳ್ಳಾಗಡ್ಡಿಯನ್ನು ಮಾತ್ರ ಮರು ಮಾತಾಡದೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಅದು ಕೊಟ್ಟೂರು ಮುಟ್ಟುವತನಕ ಅವರನ್ನು ಕಾಯುತ್ತದೆ; ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿಯ ಜೊತೆ ಹೊಟ್ಟೆ ಸೇರುತ್ತದೆ. ಅತ್ತೆಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲ ನಗುವ ಮಾತಾಗಿಯೇ ಇರುತ್ತಿತ್ತು, ಹೋದ ಬೇಸಿಗೆಯಲ್ಲಿ ಅವರಿಗೆ ಹರಳು ಆಗದಿದ್ದರೆ. ಹಗರಿಬೊಮ್ಮನಹಳ್ಳಿಯಲ್ಲಿ ಲೋಡು ಇಳಿಸುವಾಗ ಸೊಂಟ ಹಿಡಿದುಕೊಂಡು ನೆಲಕ್ಕೆ ಕೂತವರನ್ನು ಹಮಾಲರು ಎತ್ತಿ ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು ಸ್ಕ್ಯಾನಿಂಗ್ ಮಾಡಿ ಕಿಡ್ನಿಯಲ್ಲಿ ಜೋಳದ ಕಾಳಿನಷ್ಟು ಹರಳಿದೆ ಎಂದರು. ಪುಣ್ಯಕ್ಕೆ ಔಷಧಕ್ಕೇ ಬಿದ್ದು ಹೋಯಿತು. ಹೊರಡುವಾಗ ಡಾಕ್ಟರು ನನ್ನನ್ನೂ ಒಳಗೆ ಕರೆದು ಹೇಳಿದರು: "ನೋಡ್ರಿ ಟೀಚರ್, ಇವರು ನೀರು ಕುಡೀಲೇಬೇಕು. ಇವರ ಕೈಯಾಗ ಇರೋದು ಸೈಕಲ್ ಅಲ್ಲ. ಬಿಸಿಲಾಗ ನೀರಿಲ್ಲದಕ್ಕ ಕಣ್ಣಿಗಿ ಕತ್ತಲಿ ಬಂತಂದ್ರ ಇವರೂ ಉಳಿಯಂಗಿಲ್ಲ, ಎದುರಿಗಿ ಬಂದವರೂ ಉಳಿಯಂಗಿಲ್ಲ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಮಕ್ಕಳಿಗೆ ಸಂಧಿ ಸಮಾಸ ಹೇಳುತ್ತಿರುವಾಗಲೂ ನನಗೆ ರಸ್ತೆ ಕಾಣುತ್ತಿತ್ತು. ಅವರು ಫೋನು ಎತ್ತುವುದು ತಡವಾದರೆ ಮತ್ತೆ ಮತ್ತೆ ಅದೇ ನಂಬರು ಒತ್ತುತ್ತಿದ್ದೆ. ಇವರು ಮಾತ್ರ ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದು, ಮನೆಯ ಮುಂದೆ ಇಳಿದವರೇ ಮೊದಲು ಲಾರಿಯ ಟೈರು ಒದ್ದು ನೋಡಿದರು.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಬೋರಿನ ನೀರು ಬಲು ಗಡಸು. ಚಹಾ ಕಾಸುವ ಪಾತ್ರೆಯ ತಳಕ್ಕೆ ಬಿಳಿ ಚೆಕ್ಕೆ ಕಟ್ಟುತ್ತದೆ, ನಲ್ಲಿಯ ಬಾಯಿಗೆ ಗಡ್ಡ ಬರುತ್ತದೆ. ಅದಕ್ಕೇ ಊರೂರಿಗೆ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕಗಳು ಬಂದಿವೆ. ಎಲ್ಲರೂ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಯಜಮಾನರೂ ಬೆಳಿಗ್ಗೆ ಲಾರಿ ಹತ್ತುವ ಮೊದಲು ತಪ್ಪದೆ ಒಂದು ಕ್ಯಾನು ತುಂಬಿಸಿ ಸೀಟಿನ ಹಿಂದೆ ಭದ್ರವಾಗಿ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಿ ನಾನು, ಪರವಾಗಿಲ್ಲ, ಡಾಕ್ಟರ ಮಾತು ತಲೆಗೆ ಹೋಗಿದೆ ಎಂದು ಒಳಗೊಳಗೇ ಹಿಗ್ಗಿದೆ. ಅತ್ತೆಗೂ ಹೇಳಿದೆ. ಅತ್ತೆ ದೇವರಿಗೆ ಕಾಯಿ ಒಡೆಸಿದರು.

ಆಮೇಲೆ ತಿಳಿಯಿತು, ಆ ಕ್ಯಾನು ರೇಡಿಯೇಟರಿಗೆ.

ತಮಗೆ? ತಮಗೆ ಒಂದು ಬಾಟಲಿ ಬೋರಿನ ನೀರು. ಅದೂ ಸಂಜೆ ಹೊತ್ತಿಗೆ ಅರ್ಧ ಹಾಗೇ ವಾಪಸು. ನನಗೆ ಮೈಯೆಲ್ಲ ಉರಿಯಿತು. "ಏನ್ರೀ ಇದು, ಒಳ್ಳೆ ನೀರು ಕಬ್ಬಿಣಕ್ಕ, ಗಡಸು ನೀರು ನಿಮಗಾ?" ಎಂದರೆ, ಅವರು ದಡ್ಡ ಹುಡುಗಿಗೆ ಪಾಠ ಹೇಳುವ ತಾಳ್ಮೆಯಿಂದ ಹೇಳಿದರು: "ಗಾಡಿ ಹಳೇದು, ಆಗಾಗ ನೀರು ಕೇಳತೈತಿ. ಬೋರ್ ನೀರು ಹಾಕಿದ್ರ ಒಳಗ ಕಲ್ಲು ಕಟ್ಟತೈತಿ ಲೇ. ಹುಸೇನ್ ಮೇಸ್ತ್ರಿ ಹಳೇ ರೇಡಿಯೇಟರ್ ಕೊಯ್ದು ತೋರಿಸ್ಯಾನ. ಪೈಪಿನಾಗ ಬೆಳ್ಳಗ ಇಷ್ಟು ದಪ್ಪ ಕಟ್ಟಿತ್ತು. ನೋಡಿದ್ರ ಸಂಕಟ ಆಗತೈತಿ."

"ನಿಮ್ಮ ಕಿಡ್ನ್ಯಾಗ ಕಟ್ಟಿದ್ದು ಏನು, ಕಲ್ಲುಸಕ್ರಿಯಾ?"

ಇದಕ್ಕೆ ಅವರ ಹತ್ತಿರ ಉತ್ತರವಿತ್ತು. ಈ ಉತ್ತರ ನಮ್ಮ ನಾಲ್ಕೈದು ತಾಲೂಕಿನಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. "ಫಿಲ್ಟರ್ ನೀರು ಸಪ್ಪಗ ಇರತೈತಿ. ಕುಡಿದ್ರ ಕುಡಿದಂಗ ಆಗಂಗಿಲ್ಲ. ಅದು ಮಷೀನಿಗಿ ಸೈ, ಮನುಷ್ಯಾರಿಗಿ ಅಲ್ಲ." ಹುಟ್ಟಿದಾಗಿನಿಂದ ಗಡಸು ನೀರು ಕುಡಿದು ಬೆಳೆದ ನಾಲಿಗೆ ಅದು. ಅದಕ್ಕೆ ಒಳ್ಳೆಯ ನೀರು ನೀರೇ ಅಲ್ಲ. ನನ್ನ ನಾಲಿಗೆಯೂ ಮೊದಮೊದಲು ಹಾಗೇ ಮುನಿದಿತ್ತು, ಆದ್ದರಿಂದ ಪೂರ್ತಿ ಬೈಯುವ ಹಾಗೂ ಇಲ್ಲ. ಆದರೆ ಲಾರಿಯ ಹೊಟ್ಟೆಯ ಕಲ್ಲಿಗೆ ಸಂಕಟಪಡುವವರಿಗೆ ತಮ್ಮ ಹೊಟ್ಟೆಯ ಕಲ್ಲು ಯಾಕೆ ಲೆಕ್ಕಕ್ಕಿಲ್ಲ, ನೀವೇ ಹೇಳಿ.

ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಸಂಕೋಚದಿಂದ ಹೇಳಿದರು. ನೀರು ಕುಡಿದರೆ ಇಳಿಯಬೇಕಾಗುತ್ತದೆ. ಲೋಡಾದ ಲಾರಿಯನ್ನು ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ. ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಎಳೆಯುವುದು ಕಷ್ಟ, ಊರೊಳಗೆ ನಿಲ್ಲಿಸಿದರೆ ಪೊಲೀಸರ ಕಾಟ. ಮೊದಲಿನ ಹಾಗೆ ಕ್ಲೀನರನ್ನು ಇಟ್ಟುಕೊಳ್ಳುವ ಕಾಲವೂ ಹೋಯಿತು, ಇಳಿದರೆ ಗಾಡಿ ಕಾಯುವವರಿಲ್ಲ. ಅದಕ್ಕೇ ಡ್ರೈವರುಗಳು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಭಯವಾಯಿತು.

ಹಳೆಗನ್ನಡ ಕಾವ್ಯಗಳನ್ನು ಪಾಠ ಮಾಡುವವಳು ನಾನು. ಅಲ್ಲಿ ಬೇಸಿಗೆಯ ವರ್ಣನೆಗೆ ಕೊರತೆಯಿಲ್ಲ. ಆನೆಗಳು ಕೊಳಕ್ಕೆ ಇಳಿಯುತ್ತವೆ, ರಾಜರಿಗೆ ಗಂಧ ಲೇಪಿಸುತ್ತಾರೆ, ರಾಣಿಯರಿಗೆ ಬೀಸಣಿಗೆ ಬೀಸುತ್ತಾರೆ, ಅರವಟ್ಟಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುತ್ತಾರೆ. ದೂರ ಓಡಿದ ರಥದ ಕುದುರೆಗಳಿಗೆ ನೀರು ಕುಡಿಸಿ ಮೈ ತಿಕ್ಕಿದ್ದನ್ನೂ ಓದಿದ್ದೇನೆ. ಆ ಸಾರಥಿ ತಾನು ಬೊಗಸೆ ನೀರು ಕುಡಿದ ಅಂತ ಮಾತ್ರ ನಾನು ಓದಿದ್ದರಲ್ಲಿ ಎಲ್ಲೂ ಇಲ್ಲ. ಅವನಿಗೂ ಫಿಲ್ಟರ್ ನೀರು ಸಪ್ಪಗೆ ಅನಿಸಿತ್ತೇನೋ. ಒಮ್ಮೆ ಮಕ್ಕಳನ್ನು ಕೋಗಳಿಯ ಹಳೆಯ ಬಸದಿ ನೋಡಲು ಕರೆದುಕೊಂಡು ಹೋಗಿದ್ದೆ. ಹೊರಗೆ ಕಾದ ನೆಲದ ಮೇಲೆ ನಾವೆಲ್ಲ ಕಾಲು ಕುಣಿಸುತ್ತಿದ್ದರೆ ಒಳಗೆ ಕಲ್ಲಿನ ಜಿನಬಿಂಬ ಹಸಿವು ಬಾಯಾರಿಕೆ ಗೆದ್ದು ಶಾಂತವಾಗಿತ್ತು. ಕೈ ಮುಗಿದೆ. ಅಂಥ ತಪಸ್ಸು ಎಲ್ಲವನ್ನೂ ಬಿಟ್ಟವರಿಗೆ ಸರಿ. ಹೆಂಡತಿ, ತಾಯಿ, ಹತ್ತು ಚಕ್ರ ಇರುವವರು ಅದನ್ನು ಮಾಡಬಾರದು.

ಈ ಯುಗಾದಿ ಮುಗಿದು ಶಾಲೆಗೆ ರಜೆ ಬಂತು. ನನ್ನ ತಂಗಿಯ ಮನೆ ಉಚ್ಚಂಗಿದುರ್ಗದ ಹತ್ತಿರದ ಹಳ್ಳಿಯಲ್ಲಿ. ಅವಳ ಮೊಮ್ಮಗಳಿಗೆ ತೊಟ್ಟಿಲ ಶಾಸ್ತ್ರ. ಯಜಮಾನರಿಗೂ ಅದೇ ದಿನ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆಗೆ ಹೋಗುವುದಿತ್ತು. "ಬಸ್ಸಿಗಿ ಯಾಕ ಒದ್ದಾಡ್ತಿ, ಬಾ, ಕ್ರಾಸಿನ್ಯಾಗ ಇಳಿಸ್ತೀನಿ" ಎಂದರು. ಸಕ್ಕರೆ, ಕೊಬ್ಬರಿ, ಕುಬುಸದ ಕಣ ಇದ್ದ ಚೀಲ ತೊಡೆಯ ಮೇಲಿಟ್ಟುಕೊಂಡು ನಾನು ಕ್ಯಾಬಿನ್ ಹತ್ತಿದೆ. ಸತ್ಯ ಹೇಳಬೇಕೆಂದರೆ ಶಾಸ್ತ್ರ ಒಂದು ನೆಪ. ಒಂದು ದಿನವಾದರೂ ಪಕ್ಕದಲ್ಲಿ ಕೂತು ಕುಡಿಸೋಣ ಅನ್ನುವುದು ನನ್ನ ಲೆಕ್ಕಾಚಾರ.

ಕೊಟ್ಟೂರಿನವರೆಗೆ ನನ್ನ ಆಟ ನಡೆಯಿತು. "ಕುಡೀರಿ" ಅಂದರೆ ಬಾಟಲಿಯ ಬಾಯಿಗೆ ತುಟಿ ತಾಗಿಸಿ ಕೊಡುತ್ತಿದ್ದರು, ಗಂಟಲು ಅಲುಗುತ್ತಿರಲಿಲ್ಲ. ನಾನು ಬಾಟಲಿ ಕೆಳಗಿಟ್ಟೆ. ಅವರು ಮಾತಿಗೆ ಹತ್ತಿದರು. ಸ್ಟೇರಿಂಗ್ ಮೇಲೆ ಕೂತ ಯಜಮಾನರು ಮನೆಯಲ್ಲಿ ಇರುವವರೇ ಅಲ್ಲ. ಅಡ್ಡ ಬಂದ ಬೈಕಿನವರನ್ನು, ರಸ್ತೆಯ ಮೇಲೆ ಜೋಳ ಒಣಹಾಕಿದವರನ್ನು, ಇಂಡಿಕೇಟರ್ ಹಾಕದ ಟ್ರಾಕ್ಟರುಗಳನ್ನು ಹೊಸ ಹೊಸ ಮಾತುಗಳಿಂದ ಬೈಯುತ್ತಾರೆ. ನಾನಿದ್ದೇನೆಂದು ಅವತ್ತು ಸ್ವಲ್ಪ ಸೋಸಿ ಬೈಯುತ್ತಿದ್ದರು. ಬೈಗುಳದಲ್ಲಿ ಅವರು ಕಟ್ಟುವ ಸಮಾಸಗಳನ್ನು ಕೇಳಿ ನಾನು ಮನಸ್ಸಿನಲ್ಲೇ ಬಿಡಿಸುತ್ತಾ ನಗುತ್ತಿದ್ದೆ.

ಹರಪನಹಳ್ಳಿ ದಾಟುವಾಗ ನಡು ಮಧ್ಯಾಹ್ನ. ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ನನಗೆ ಜೋಂಪು ಹತ್ತಿತ್ತು. ಯಾವಾಗಲೋ ಕಣ್ಣು ಬಿಟ್ಟೆ. ಎದುರಿಗೆ ಒಬ್ಬ ಬೈಕಿನವನು ಮಗ್ಗುಲ ದಾರಿಯಿಂದ ನುಗ್ಗಿ, ನಮ್ಮ ಲಾರಿಯ ಮೂಗಿನ ಮುಂದೆಯೇ ದಾಟಿ ಹೋದ. ಯಜಮಾನರು ಬ್ರೇಕು ಒತ್ತಿದರು. ಏನೂ ಅನ್ನಲಿಲ್ಲ.

ಬೈಯಲಿಲ್ಲ. ಅಷ್ಟು ಸಾಕಾಯಿತು, ನನ್ನ ನಿದ್ದೆ ಹಾರಿಹೋಯಿತು. ತಿರುಗಿ ನೋಡಿದರೆ ಮುಖ ಸುಣ್ಣದ ಹಾಗಿತ್ತು. ಅಷ್ಟು ಹೊತ್ತು ಬೆವರಿನಿಂದ ಮೈಗೆ ಅಂಟಿದ್ದ ಅಂಗಿ ಒಣಗಿ, ಬೆನ್ನಿಗೆ ಉಪ್ಪಿನ ಗೆರೆ ಎದ್ದಿತ್ತು. "ಯಾಕ್ರೀ?" ಎಂದೆ. ಮುಂದೆ ಒಂದು ಬೇವಿನ ಮರವಿತ್ತು. ಲಾರಿಯನ್ನು ನಿಧಾನಕ್ಕೆ ಅದರ ನೆರಳಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀಲಿ ತೆಗೆದು ನನ್ನ ಮಡಿಲಿಗೆ ಹಾಕಿದರು. ಎಲ್ಲವನ್ನೂ ಕ್ರಮವಾಗಿ ಮಾಡಿದರು. ಆಮೇಲೆ ಹಣೆಯನ್ನು ಸ್ಟೇರಿಂಗಿಗೆ ಆನಿಸಿ "ಕಣ್ಣಿಗಿ ಕತ್ತಲಿ ಬಂದಂಗಾತು ಲೇ. ಒಂದ್ ನಿಮಿಷ" ಎಂದರು.

ಡಾಕ್ಟರು ಹೇಳಿದ ಮಾತೇ. ಅವರ ಬಾಟಲಿ ಎತ್ತಿದೆ, ನೀರು ಸ್ನಾನಕ್ಕೆ ಆಗುವಷ್ಟು ಬಿಸಿ. ಸೀಟಿನ ಹಿಂದೆ ಒದ್ದೆ ಗೋಣಿ ಸುತ್ತಿಟ್ಟ ಕ್ಯಾನು ಇತ್ತು, ತಣ್ಣಗೆ. ಅದನ್ನು ಎಳೆದು ಮುಚ್ಚಳ ತಿರುವಿದೆ. ಆ ಸದ್ದಿಗೆ ಅವರು ತಲೆಯೆತ್ತದೆ, ಕಣ್ಣು ಬಿಡದೆ, ತೊದಲುವ ದನಿಯಲ್ಲಿ ಅಂದರು:

"ಬ್ಯಾಡ. ಅದು ಗಾಡೀದು."

ಇಷ್ಟು ವರ್ಷ ಆ ಲಾರಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಆಟದ್ದು. ಆ ಕ್ಷಣ ಮಾತ್ರ ಅದನ್ನು ನಿಜವಾಗಿ ದ್ವೇಷಿಸಿದೆ. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಕ್ಲಾಸಿನ ದನಿ ಬಂತು. "ಬಾಯಿ ತೆಗೀರಿ!" ಎಂದು ಕಿರುಚಿದೆ. ಮಕ್ಕಳು ಬೆಚ್ಚುವ ದನಿ ಅದು. ಯಜಮಾನರು ಬಾಯಿ ತೆರೆದರು. ಮೊದಲು ನೆತ್ತಿಯ ಮೇಲೆ ಸುರಿದೆ, ಕುತ್ತಿಗೆಗೆ ಸುರಿದೆ, ಟವೆಲು ತೋಯಿಸಿ ಎದೆಗೆ ಹಾಕಿದೆ. ತಂಗಿಯ ಮನೆಗೆಂದು ಒಯ್ಯುತ್ತಿದ್ದ ಸಕ್ಕರೆಯನ್ನು ಅವರ ಚಹಾದ ಲೋಟದಲ್ಲಿ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಎಂಜಿನ್ ಆರಿಸುವತನಕ ಮುಂದಿನ ಮೀಟರಿನಲ್ಲಿ ಅದರ ಕಾವು ತೋರಿಸುವ ಮುಳ್ಳು ನಡುವಿನಲ್ಲಿ ಆರಾಮವಾಗಿ ನಿಂತಿತ್ತು. ಮೇಸ್ತ್ರಿಯ ಕೆಲಸ ಅಪ್ಪಟ. ಆ ದಿನ ಆ ರಸ್ತೆಯ ಮೇಲೆ ಲಾರಿಯಷ್ಟು ತಂಪಾಗಿ ಇನ್ನೊಂದು ಜೀವ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ತುಟಿ ಸವರಿಕೊಂಡು "ಸಪ್ಪಗೈತಿ" ಎಂದರು. ಆಮೇಲೆ ಲೋಟ ಚಾಚಿದರು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ತಂಗಿಯ ಗಂಡನಿಗೆ ಫೋನು ಮಾಡಿದೆ. ಅವನು ಪರಿಚಯದವರ ಕಾರು ತಂದು ನಮ್ಮನ್ನು ಹರಪನಹಳ್ಳಿಯ ಆಸ್ಪತ್ರೆಗೆ ಮುಟ್ಟಿಸಿ, ತಾನೇ ವಾಪಸು ಹೋಗಿ ಲಾರಿಯ ಹತ್ತಿರ ಕೂತ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಬೇರೆ ಆಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಯಜಮಾನರಿಗೆ ಮೈಯಲ್ಲಿ ಚೂರು ಕಸುವು ಬಂದದ್ದೇ ತಡ, ಬಾಗಿಲ ಕಡೆ ನೋಡಲು ಶುರುಮಾಡಿದರು.

"ಗಾಡಿ ನೆಳ್ಳಾಗ ಐತಿಲ್ಲ? ಹೊತ್ತು ತಿರುಗಿದ್ರ ಬಿಸಲು ಬೀಳತೈತಿ."

ನನಗೆ ತಡೆಯಲಾಗಲಿಲ್ಲ. "ಬೀಳಲಿ! ನಿಮ್ಮ ಗಾಡಿದು ಒಂದೊಂದು ಪಾರ್ಟೂ ಹೊಸಪೇಟ್ಯಾಗ ಸಿಗತೈತಿ, ದಾವಣಗೆರ್ಯಾಗ ಸಿಗತೈತಿ. ನಿಮ್ಮನ್ನ ನಾನು ಯಾವ ಅಂಗಡ್ಯಾಗ ಹುಡುಕ್ಲಿ?" ಎಂದೆ. ಅಂದದ್ದು ಜೋರಾಗಿಯೇ. ಪಕ್ಕದ ಮಂಚದ ಅಜ್ಜಿ ತನ್ನ ಸೊಸೆಗೆ "ಕೇಳಿದ್ಯಾ?" ಅನ್ನುವ ಹಾಗೆ ನೋಡಿದಳು. ಯಜಮಾನರು ಮೇಲಿನ ಸಲೈನ್ ಬಾಟಲಿಯಿಂದ ಹನಿ ಬೀಳುವುದನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು.

"ಇದೂ ಫಿಲ್ಟರ್ ನೀರ ಏನು?"

"ಹೂಂ. ಅದಕ್ಕಿಂತ ಶುದ್ಧ. ಒಂದಿಷ್ಟು ಉಪ್ಪು ಹಾಕಿರ್ತಾರ."

"ಉಪ್ಪು ಹಾಕ್ತಾರಾ?" ಎಂದು ಅವರು ದಿಂಬಿನಿಂದ ತಲೆ ಎತ್ತಿದರು. "ಮತ್ತ ಮೊದ್ಲ ಹೇಳಬಾರದೇನ? ಉಪ್ಪು ಹಾಕ್ಕೊಂಡು ಕುಡೀತಿದ್ನಲ್ಲ!"

ನಾನು ಹಣೆ ಹಣೆ ಬಡಿದುಕೊಂಡೆ. ಡಾಕ್ಟರು, ಸ್ಕ್ಯಾನಿಂಗು, ನನ್ನ ಬೈಗಳು, ಅತ್ತೆಯ ಕಾಯಿ ಕರ್ಪೂರ, ಇವೆಲ್ಲ ಒಂದು ಕಡೆ. ಚಿಟಿಕೆ ಉಪ್ಪು ಒಂದು ಕಡೆ. ಮನುಷ್ಯನಿಗೆ ಬೇಕಾಗಿದ್ದದ್ದು ಬುದ್ಧಿವಾದವಲ್ಲ, ರುಚಿ. ನಾನು ಇಷ್ಟು ವರ್ಷ ಅಡುಗೆ ಮಾಡಿಯೂ ಅದನ್ನು ಯೋಚಿಸಲಿಲ್ಲವಲ್ಲ ಎಂದು ನನ್ನ ಮೇಲೆಯೇ ನಗು ಬಂತು.

ಅವತ್ತಿನಿಂದ ಲಾರಿಯಲ್ಲಿ ಎರಡು ಕ್ಯಾನು. ಒಂದು ಅದರದು, ಒಂದು ಇವರದು. ಇವರದರಲ್ಲಿ ನಾನು ನಿಂಬೆಹಣ್ಣು ಹಿಂಡಿ, ಉಪ್ಪು, ಸ್ವಲ್ಪ ಸಕ್ಕರೆ ಬೆರೆಸಿ ಕಳಿಸುತ್ತೇನೆ. ನಿಲ್ಲಿಸುವ ತೊಂದರೆಗೂ ಅವರೇ ದಾರಿ ಕಂಡುಕೊಂಡರು. ಯಾವ ಊರಿನ ಆಚೆ ಯಾವ ಮರದ ಕೆಳಗೆ ಲೋಡು ಗಾಡಿ ನಿಲ್ಲಬಹುದು ಎಂದು ಕೂಡ್ಲಿಗಿಯಿಂದ ದಾವಣಗೆರೆಯವರೆಗೆ ಬಾಯಿಪಾಠ ಮಾಡಿಕೊಂಡಿದ್ದಾರೆ. ಬೇವು, ಹುಣಸೆ, ಆಲ ಎಂದು ಅವರು ಹೇಳುತ್ತಾ ಹೋದರೆ ನನ್ನ ಮಕ್ಕಳು ಮಗ್ಗಿ ಹೇಳಿದ್ದಕ್ಕಿಂತ ಚೆನ್ನಾಗಿರುತ್ತದೆ. ಹುಸೇನ್ ಮೇಸ್ತ್ರಿಗೆ ಈ ಕಥೆಯೆಲ್ಲ ತಿಳಿದು, "ಅಕ್ಕಾರ, ನಾನು ಗಾಡೀನ ಅಷ್ಟ ರೆಡಿ ಮಾಡಿದ್ದೆ ನೋಡ್ರಿ, ಅರ್ಧ ಸರ್ವೀಸ್ ನಿಮ್ಮ ಕೈಯಾಗ ಉಳಿದಿತ್ತು" ಎಂದರು. ಏಪ್ರಿಲ್ ಕಳೆಯಿತು, ಮೇ ಕಳೆಯುತ್ತ ಬಂತು. ಯಜಮಾನರು ಬೈಕಿನವರನ್ನು ಮೊದಲಿನ ಹಾಗೆಯೇ ಬೈಯುತ್ತಿದ್ದಾರೆ. ಫೋನಿನಲ್ಲಿ ಆ ಬೈಗುಳ ಕೇಳಿದರೆ ನನಗೆ ಜೀವ ತಂಪಾಗುತ್ತದೆ.

ಶಾಲೆ ಮತ್ತೆ ಶುರುವಾಯಿತು, ಬಿಸಿಲು ಇನ್ನೂ ಇಳಿದಿರಲಿಲ್ಲ. ಮೊನ್ನೆ ಸಂಜೆ ನಾನು ಮನೆಗೆ ಬಂದಾಗ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ನನ್ನ ಚೀಲ ಇಸಿದುಕೊಂಡವರಿಗೆ ಅದು ಭಾರ ಅನಿಸಿರಬೇಕು. ಒಳಗೆ ಕೈ ಹಾಕಿ ನನ್ನ ನೀರಿನ ಬಾಟಲಿ ತೆಗೆದರು. ಬೆಳಿಗ್ಗೆ ತುಂಬಿದ್ದು ತುಂಬಿದ ಹಾಗೇ ಇತ್ತು.

"ಟೀಚರಮ್ಮ," ಎಂದರು, ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದನ್ನ ಯಾರಿಗಿ ಉಳಿಸಿ ತಂದಿ?"

ಶಾಲೆಯಲ್ಲಿ ನಾವು ಹೆಣ್ಣು ಟೀಚರುಗಳು ಯಾರೂ ನೀರು ಕುಡಿಯುವುದಿಲ್ಲ. ನಮಗಿರುವ ಶೌಚಾಲಯ ಮೈದಾನದ ಆ ಕೊನೆಗೆ, ಅದಕ್ಕೆ ಸದಾ ಬೀಗ, ಕೀಲಿ ಆಫೀಸಿನಲ್ಲಿ. ಗಂಡಸರೆಲ್ಲ ಕೂತಿರುವಾಗ ಹೋಗಿ ಕೇಳಬೇಕು. ಕೇಳುವುದಕ್ಕಿಂತ ಕುಡಿಯದಿರುವುದು ಸುಲಭ ಎಂದು ನಾವೆಲ್ಲ ಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೆವು. ಗಂಡನಿಗೆ ಅಷ್ಟು ಪಾಠ ಹೇಳಿದವಳಿಗೆ ಇದು ಹೊಳೆಯಲೇ ಇಲ್ಲ ಅಂದರೆ ನೀವು ನಂಬಬೇಕು. ತಡವರಿಸುತ್ತಾ ಅವರಿಗೂ ಅಷ್ಟನ್ನೇ ಹೇಳಿದೆ.

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನಮಗಾದ್ರ ರಸ್ತಿ ತುಂಬ ಗಿಡ ಅದಾವು," ಎಂದು ತಮ್ಮಷ್ಟಕ್ಕೆ ಅಂದರು. 'ಪಾಪ' ಎಂದು ಬಾಯಿಬಿಟ್ಟು ಅನ್ನದಿದ್ದರೂ ಅದು ಕೇಳಿಸಿತು. ಆಮೇಲೆ ಕೇಳಿದರು: "ನಾಳಿ ಆ ಕೀಲಿ ಕೇಳೋದು ನೀನಾ, ನಾನಾ?"

"ನಾನ ಕೇಳ್ತೀನಿ," ಎಂದೆ.

"ಸೈ. ಈಗ ಇದನ್ನ ಕುಡಿ."

"ಒಳಗ ಹೋಗಿ ಕುಡೀತೀನಿ ಬಿಡ್ರಿ."

"ಇಲ್ಲೇ ಕುಡಿ. ನಾನು ನೋಡ್ಬೇಕು."

ಹೊಸ್ತಿಲಿನಲ್ಲಿ, ಬಗಲಲ್ಲಿ ಛತ್ರಿ ಸಿಕ್ಕಿಸಿಕೊಂಡೇ, ಬಾಟಲಿ ಎತ್ತಿ ಕುಡಿದೆ. ಅವರು ಎದುರಿಗೆ ಕೈ ಕಟ್ಟಿ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದರು. ಮುಗಿಯಿತೆಂದು ಮುಚ್ಚಳ ಹಾಕಹೋದೆ. "ತಳದಾಗ ಇನ್ನಾ ಐತಿ," ಎಂದರು. ಅದನ್ನೂ ಕುಡಿದೆ.